ಕೂಡಾಟ ಗೊತ್ತುಮಾಡುವವರು ಯಾರು?

ಏಷ್ಯಾದ ಬೇರೆ ಬೇರೆ ದೇಶಗಳ ರಂಗಕಲಾವಿದರು ಒಟ್ಟುಸೇರಿ ಪ್ರಯೋಗಗಳನ್ನು ಕಟ್ಟುತ್ತಿರುವ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಬೈಂದೂರು ಕಡೆಯ ಓದುಗರೊಬ್ಬರು ಖಾರವಾದ ಪತ್ರ ಬರೆದಿದ್ದಾರೆ. ಯಕ್ಷಗಾನದ ತೆಂಕು–ಬಡಗು ತಿಟ್ಟುಗಳ ಎರಡು ಮೇಳಗಳು ಒಂದೇ ರಂಗದಲ್ಲಿ ಆಡುವ ಕೂಡಾಟಗಳನ್ನು ನೋಡಿಕೊಂಡೇ ಬೆಳೆದ ತಮಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಜಪಾನಿನ ನೋ, ಚೀನಾದ ಒಪೆರಾ, ಕೇರಳದ ಕೂಡಿಯಾಟ್ಟಂಗಳನ್ನು ಒಂದೇ ರಂಗದ ಮೇಲೆ ತಂದು ನಿಲ್ಲಿಸುವುದು ಕಲಸುಮೇಲೋಗರವೇ ಹೊರತು ಕಲೆಯಲ್ಲ. ಕಲಾವಿದರಿಗೂ ಪ್ರೇಕ್ಷಕರಿಗೂ ನಡುವೆ, ಕಲಾವಿದರನ್ನು ಆರಿಸಿ ಕೂಡಿಸುವ ‘ಕ್ಯುರೇಟರ್’ ಎಂಬ ಹೊಸ ದಲ್ಲಾಳಿ ಏಕೆ ಬೇಕು. ಈ ಓಡಾಟದ ಖರ್ಚನ್ನು ಯಾರು ಕೊಡುತ್ತಾರೆ, ಏತಕ್ಕೆ ಕೊಡುತ್ತಾರೆ. ಕೊನೆಗೆ, ಮೇಳದ ತಿರುಗಾಟದಲ್ಲಿರುವ ನಮ್ಮ ಕಲಾವಿದರಿಗೆ ಇದರಿಂದ ಬರುವುದೇನು – ಇವು ಅವರ ಪ್ರಶ್ನೆಗಳು. ಇದೇ ಪ್ರಶ್ನೆಗಳು ಇನ್ನೂ ಹಲವರ ಮನಸ್ಸಿನಲ್ಲಿ ಇರಬಹುದಾದ್ದರಿಂದ ಉತ್ತರವನ್ನು ವಿವರವಾಗಿಯೇ ಕೊಡುತ್ತಿದ್ದೇವೆ. – ಸಂ.

ಮಾನ್ಯರೇ,

ನೀವು ಕೊಟ್ಟ ಕೂಡಾಟದ ಉದಾಹರಣೆಯಿಂದಲೇ ಹೊರಡುತ್ತೇನೆ, ಏಕೆಂದರೆ ಅದು ನಿಮ್ಮ ವಾದಕ್ಕಿಂತ ಹೆಚ್ಚಾಗಿ ನನ್ನ ವಾದಕ್ಕೆ ಒದಗಿಬರುತ್ತದೆ. ಎರಡು ಮೇಳಗಳವರು ಒಂದೇ ರಂಗಸ್ಥಳದಲ್ಲಿ ಕುಣಿಯುವಾಗ ಪ್ರಸಂಗ ಎರಡೂ ಕಡೆಯವರಿಗೆ ಗೊತ್ತಿರುತ್ತದೆ, ಪದ್ಯ ಗೊತ್ತಿರುತ್ತದೆ, ಅರ್ಥ ಹೇಳುವ ಭಾಷೆ ಒಂದೇ, ಮುಂದೆ ಕುಳಿತವರು ಕಥೆಯನ್ನು ಕಲಾವಿದರಷ್ಟೇ ಬಲ್ಲವರು. ಇಷ್ಟೆಲ್ಲ ಇದ್ದೂ ಬಡಗಿನ ಭಾಗವತರ ಪದ್ಯಕ್ಕೆ ತೆಂಕಿನ ವೇಷವೊಂದು ಹೆಜ್ಜೆ ಹಾಕಬೇಕಾದಾಗ ಎರಡು ಹಿಮ್ಮೇಳಗಳ ನಡುವೆ ಒಂದು ಬಿಗಿ ಹುಟ್ಟಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ಇನ್ನು ಈ ಯಾವುದೂ ಸಮಾನವಲ್ಲದ ಇಬ್ಬರನ್ನು, ಅಂದರೆ ಒಬ್ಬ ನೋ ನಟನನ್ನೂ ಒಬ್ಬ ಥಾಯ್ ನರ್ತಕನನ್ನೂ ಎದುರುಬದುರು ನಿಲ್ಲಿಸಿದರೆ, ಅವರಿಬ್ಬರೂ ನಿಲ್ಲಬಹುದಾದ ನೆಲವನ್ನು ಮೊದಲು ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ಆ ನೆಲವನ್ನು ಯಾರು ಸಿದ್ಧಮಾಡುತ್ತಾರೆ, ಎಷ್ಟು ದಿನ ತೆಗೆದುಕೊಳ್ಳುತ್ತಾರೆ, ಇಷ್ಟವಾಗದಿದ್ದರೆ ‘ಒಲ್ಲೆ’ ಎನ್ನುವ ಹಕ್ಕು ಯಾರಿಗಿರುತ್ತದೆ – ಕಳೆದ ಮೂರು ದಶಕಗಳಲ್ಲಿ ಏಷ್ಯಾದಲ್ಲಿ ಬದಲಾಗಿರುವುದು ಈ ವಿಷಯಗಳಲ್ಲಿ. ರಂಗದ ಮೇಲೆ ಕಾಣುವ ಬೆರಕೆ ಹಳೆಯದೇ, ಅಷ್ಟನ್ನು ಒಪ್ಪುತ್ತೇನೆ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ಗೆ ಯಕ್ಷಗಾನದ ಗತ್ತು ತೊಡಿಸಿ ‘ಬರ್ನಮ್ ವನ’ವನ್ನು ಹಿಂದಿಯಲ್ಲಿ ಕಟ್ಟಿದ್ದರು. ಆದರೆ ಅಲ್ಲಿ ತೀರ್ಮಾನಗಳೆಲ್ಲ ಒಬ್ಬ ನಿರ್ದೇಶಕನವು.

ನಿಮ್ಮ ‘ಕಲಸುಮೇಲೋಗರ’ ಎಂಬ ಮಾತು ನಿಜವಾಗಿ ತಾಗುವುದು ಷೇಕ್ಸ್‌ಪಿಯರನ ಕಿಂಗ್ ಲಿಯರ್ ಆಧರಿಸಿ ಸಿಂಗಪುರದ ಓಂಗ್ ಕೆಂಗ್ ಸೆನ್ ನಿರ್ದೇಶಿಸಿದ ‘ಲಿಯರ್’ನಂಥ ಪ್ರಯೋಗಕ್ಕೆ. ಜಪಾನ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯಾದ ಜಪಾನ್ ಫೌಂಡೇಷನ್ನಿನ ಏಷ್ಯಾ ಕೇಂದ್ರದ ಹಣದಿಂದ 1997ರಲ್ಲಿ ಟೋಕಿಯೋದಲ್ಲಿ ಮೊದಲ ಪ್ರದರ್ಶನ ಕಂಡ ಈ ನಾಟಕದ ರಂಗಪಠ್ಯವನ್ನು ಬರೆದವರು ಜಪಾನಿನ ನಾಟಕಕಾರ್ತಿ ರಿಯೋ ಕಿಶಿದ. ಮುದುಕ ದೊರೆಯ ಪಾತ್ರವನ್ನು ನೋ ಪರಂಪರೆಯ ಉಮೆವಾಕ ನಾವೊಹಿಕೊ ಮಾಡಿದರೆ, ಅವನನ್ನು ಕೊಲ್ಲುವ ಹಿರಿಯ ಮಗಳ ಪಾತ್ರದಲ್ಲಿ ಬಂದವರು ಬೀಜಿಂಗ್ ಒಪೆರಾದಲ್ಲಿ ಸ್ತ್ರೀವೇಷ ಕಟ್ಟುವ ಜಿಯಾಂಗ್ ಚಿಹು. ಕಿರಿಯ ಮಗಳಾದವರು ಥಾಯ್ಲೆಂಡಿನ ನರ್ತಕರೊಬ್ಬರು. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು. ಎದುರಿನವನ ಮಾತಿಗೆ ಉತ್ತರ ಹೋಗುತ್ತಿತ್ತಾದರೂ ಇಬ್ಬರ ಭಾಷೆಯೂ ಬೇರೆ. ಸ್ತ್ರೀವೇಷದ ಮರ್ಮ ಬಲ್ಲ ನಮ್ಮ ಕರಾವಳಿಯ ಪ್ರೇಕ್ಷಕನಿಗೆ ಆ ಹಿರಿಯ ಮಗಳ ನಡಿಗೆ, ನೀರಿನಂತೆ ಇಳಿಬಿಟ್ಟ ಬಿಳಿಯ ತೋಳುಗಳ ಬೀಸು ಇವುಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಟಕ ಹಲವು ದೇಶಗಳನ್ನು ಸುತ್ತಿತು. ಭಾರಿ ಹೊಗಳಿಕೆಯೂ ಬಂತು. ನಮ್ಮವರೇ ಆದ ರಂಗವಿಮರ್ಶಕ ರುಸ್ತುಮ್ ಭರೂಚಾ ಅದನ್ನು ಅಷ್ಟೇ ಗಟ್ಟಿಯಾಗಿ ಟೀಕಿಸಿದರು. ಪರಂಪರೆಗಳ ಒಳಗಿನ ತಿಕ್ಕಾಟ ಮಾಯವಾಗಿ, ಸಿಂಗಪುರ ಆಗ ತನ್ನನ್ನು ‘ಹೊಸ ಏಷ್ಯಾ’ ಎಂದು ಜಗತ್ತಿಗೆ ಮಾರಿಕೊಳ್ಳುತ್ತಿದ್ದ ಬಗೆಗೆ ಹೊಂದಿಕೊಳ್ಳುವ ಕಣ್ಣುಕೋರೈಸುವ ನೋಟವೊಂದು ಮಾತ್ರ ಉಳಿಯಿತು ಎಂಬುದು ಆ ಟೀಕೆಯ ತಿರುಳು. ನನಗೂ ಆ ಟೀಕೆಯಲ್ಲಿ ಹುರುಳಿದೆ ಎನ್ನಿಸುತ್ತದೆ.

ಆದರೆ ಅದೇ ನಿರ್ದೇಶಕ ಲಿಯರ್‌ಗೆ ಒಂದು ವರ್ಷ ಮೊದಲು, 1996ರಲ್ಲಿ, ಆರಂಭಿಸಿದ್ದ ಇನ್ನೊಂದು ಕೆಲಸವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಫ್ಲೈಯಿಂಗ್ ಸರ್ಕಸ್ ಪ್ರಾಜೆಕ್ಟ್’ ಎಂಬ ಹೆಸರಿನ ಆ ಕಮ್ಮಟಕ್ಕೆ ಏಷ್ಯಾದ ಸಾಂಪ್ರದಾಯಿಕ ಕಲಾವಿದರನ್ನೂ ಆಧುನಿಕರನ್ನೂ ಕರೆಸಿ, ಬೆಳಗ್ಗೆ ಒಬ್ಬರಿಂದ ಇನ್ನೊಬ್ಬರು ಕಲಿಯುವುದು, ಮಧ್ಯಾಹ್ನ ಮಾತುಕತೆ, ಜಗಳ, ಹೀಗೆ ದಿನಗಳನ್ನು ಕಳೆಯುವ ಏರ್ಪಾಡು ಮಾಡಲಾಗಿತ್ತು. ಕೊನೆಯಲ್ಲಿ ನಾಟಕವೊಂದನ್ನು ತೋರಿಸಲೇಬೇಕೆಂಬ ಕಟ್ಟಳೆ ಇರಲಿಲ್ಲ. ಪ್ರದರ್ಶನದ ತಾರೀಖು ಇಲ್ಲದೆ ಕಲಾವಿದರಿಗೆ ಸಂಭಾವನೆ, ಊಟ, ವಸತಿ ಕೊಟ್ಟು ಕೂಡಿಸುವುದು ಹುಚ್ಚುತನದಂತೆ ಕಂಡೀತು. ಇವತ್ತು ಏಷ್ಯಾದ ಹಲವು ರಂಗೋತ್ಸವಗಳು ನಡೆಯುತ್ತಿರುವುದು ಆ ಹುಚ್ಚಿನ ಜಾಡಿನಲ್ಲೇ ಎಂದರೆ ತಪ್ಪಾಗಲಾರದು.

ಇನ್ನೊಂದು ದಾರಿ ಹಾಂಗ್‌ಕಾಂಗಿನದು. 1982ರಲ್ಲಿ ‘ಝೂನಿ ಐಕೊಸಾಹೆಡ್ರನ್’ ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ ಡ್ಯಾನಿ ಯುಂಗ್, ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ 1997ರಿಂದ ‘ಒಂದು ಮೇಜು ಎರಡು ಕುರ್ಚಿ’ ಎಂಬ ಸರಣಿಯನ್ನು ನಡೆಸಿಕೊಂಡು ಬಂದರು. ಚೀನೀ ಒಪೆರಾದ ರಂಗದ ಮೇಲೆ ಇರುವುದೇ ಅಷ್ಟು: ಮೇಜೇ ಬೆಟ್ಟ, ಮೇಜೇ ಸಿಂಹಾಸನ, ಮೇಜೇ ಕೋಟೆಯ ಗೋಡೆ. ನಮ್ಮ ರಂಗಸ್ಥಳದಲ್ಲಿ ‘ರಥ’ ಎನ್ನುವ ಪೀಠವನ್ನು ಬಲ್ಲವರಿಗೆ ಇದು ಅಪರಿಚಿತವೇನಲ್ಲ. ಬೇರೆ ಬೇರೆ ನಗರಗಳ ಕಲಾವಿದರಿಗೆ ಯುಂಗ್ ಒಡ್ಡಿದ ಸವಾಲು ಇಷ್ಟೇ: ಅದೇ ಮೇಜು, ಅವೇ ಎರಡು ಕುರ್ಚಿ, ಗಿಡ್ಡ ಅವಧಿಯ ಒಂದು ಪ್ರಯೋಗ; ಉಳಿದದ್ದೆಲ್ಲ ನಿಮ್ಮ ಮರ್ಜಿ. ಇಲ್ಲಿ ನಿರ್ದೇಶಕನ ಕಲ್ಪನೆಯೊಳಗೆ ಎಲ್ಲರೂ ತುಂಬಿಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಸಮಾನವಾದ ಕಟ್ಟುಪಾಡೊಂದಿದೆ, ಅದರೊಳಗೆ ಪ್ರತಿಯೊಬ್ಬರೂ ಸ್ವತಂತ್ರರು. ಈ ಪರಿಚಯವೇ ಮುಂದೆ ನಾನ್‌ಜಿಂಗ್‌ನಲ್ಲಿ ಕುನ್‌ಚು ಎಂಬ ಹಳೆಯ ಬಗೆಯ ಚೀನೀ ಒಪೆರಾ ಆಡುವ ಕಲಾವಿದರನ್ನೂ ಜಪಾನಿನ ನೋ ಕಲಾವಿದರನ್ನೂ ಹತ್ತಿರ ತಂದಿತು. 2010ರ ಶಾಂಘಾಯ್ ಜಾಗತಿಕ ಪ್ರದರ್ಶನದಲ್ಲಿ ಜಪಾನಿನ ಮಂಟಪಕ್ಕಾಗಿ ಟೋಕಿಯೋದ ರಂಗನಿರ್ದೇಶಕ ಸಾತೊ ಮಕೊತೊ ಅವರೊಂದಿಗೆ ಸೇರಿ ಯುಂಗ್ ಕಟ್ಟಿದ ಪ್ರಯೋಗದ ವಸ್ತು ‘ತೋಕಿ’ ಎಂಬ ಕೆಂಪುಮುಖದ ಬಿಳಿ ಕೆಂಬರಲು ಜಾತಿಯ ಹಕ್ಕಿ. ಜಪಾನಿನಲ್ಲಿ ಈ ಹಕ್ಕಿ ಅಳಿಯುವ ಹೊತ್ತಿಗೆ, 1981ರಲ್ಲಿ, ಚೀನಾದ ಶಾನ್‌ಶಿ ಪ್ರಾಂತದಲ್ಲಿ ಏಳೇ ಏಳು ಹಕ್ಕಿಗಳು ಸಿಕ್ಕವು. 1999ರಲ್ಲಿ ಚೀನಾ ಕೊಟ್ಟ ಒಂದು ಜೋಡಿಯಿಂದ ಜಪಾನಿನಲ್ಲಿ ಮತ್ತೆ ಸಂತತಿ ಬೆಳೆಯಿತು. ಎರಡು ದೇಶಗಳ ಕಲಾವಿದರು ಕೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಮ್ಮ ಪ್ರಸಂಗಕರ್ತರೂ ಹುಡುಕಲಾರರು.

ಇಲ್ಲೊಂದು ಮಾತು ಸೇರಿಸಬೇಕು. ನೋ ಕಲೆಯೇ ಒಳಗಿನಿಂದ ಒಂದು ಕೂಡಾಟ. ಮುಖ್ಯ ಪಾತ್ರಧಾರಿ, ಅವನೆದುರಿನ ಪಾತ್ರಧಾರಿ, ಕೊಳಲಿನವರು, ಮೃದಂಗದಂಥ ವಾದ್ಯಗಳವರು, ಇವರೆಲ್ಲ ಬೇರೆ ಬೇರೆ ಮನೆತನಗಳಿಗೆ ಸೇರಿದವರು. ತಮ್ಮ ತಮ್ಮ ಗುರುಗಳಲ್ಲಿ ಬಿಡಿಬಿಡಿಯಾಗಿ ಕಲಿತು, ಪ್ರದರ್ಶನಕ್ಕೆ ಮುನ್ನ ಸಾಮಾನ್ಯವಾಗಿ ಒಂದೇ ಒಂದು ಬಾರಿ ಒಟ್ಟಾಗಿ ತಾಲೀಮು ಮಾಡಿ ರಂಗಕ್ಕೆ ಬರುತ್ತಾರೆ. ಒಂದೇ ತಾಲೀಮಿನಲ್ಲಿ ಕೆಲಸ ಮುಗಿಯುವುದು ನೂರಾರು ವರ್ಷಗಳ ಒಪ್ಪಂದ ಹಿಂದೆ ನಿಂತಿರುವುದರಿಂದ. ಆ ಒಪ್ಪಂದವಿಲ್ಲದ ಕಡೆ ನೋ ನಟನನ್ನು ವಾರದ ತಾಲೀಮಿಗೆ ಕರೆದು ಬೆರೆಸಲು ಹೊರಟರೆ, ನೀವು ಹೇಳಿದ ಕಲಸುಮೇಲೋಗರವೇ ಆಗುವುದು ಖಂಡಿತ.

ದೂರದ ಊರುಗಳ ಮಾತು ಸಾಕೆನ್ನಿಸಿದರೆ ಹೆಸರಘಟ್ಟಕ್ಕೆ ಬನ್ನಿ. ಪ್ರೊತಿಮಾ ಗೌರಿ ಬೇಡಿ 1990ರಲ್ಲಿ ಸ್ಥಾಪಿಸಿದ ನೃತ್ಯಗ್ರಾಮ ಒಡಿಸ್ಸಿಗೆ ಹೆಸರಾದದ್ದು. ಅಲ್ಲಿನ ಸುರೂಪಾ ಸೇನ್ ಮತ್ತು ಬಿಜಯಿನಿ ಸತ್ಪತಿ ಶ್ರೀಲಂಕಾದ ಚಿತ್ರಸೇನ ನೃತ್ಯತಂಡದವರೊಂದಿಗೆ ಸೇರಿ 2012ರಲ್ಲಿ ‘ಸಂಹಾರ’ ಎಂಬ ಪ್ರಯೋಗವನ್ನು ರಂಗಕ್ಕೆ ತಂದರು. ಚಿತ್ರಸೇನರದು 1940ರ ದಶಕದಿಂದ ಕ್ಯಾಂಡಿ ನೃತ್ಯವನ್ನು ಊರ ಆಚರಣೆಯ ಅಂಗಳದಿಂದ ರಂಗಕ್ಕೆ ತಂದ ಮನೆತನ; ಗಂಡಸರಿಗೇ ಮೀಸಲಾಗಿದ್ದ ಆ ನೃತ್ಯದಲ್ಲಿ ಹೆಂಗಸೊಬ್ಬಳು ವೃತ್ತಿಕಲಾವಿದೆಯಾಗಿ ನಿಲ್ಲಬಹುದೆಂದು ತೋರಿಸಿದವರು ಅವರ ಹೆಂಡತಿ ವಜಿರಾ. ಈ ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಕಾಣುವುದು ಹೀಗೆ. ಒಡಿಸ್ಸಿಯ ‘ಚೌಕ’ ಎಂಬ ನಿಲುವೂ ಕ್ಯಾಂಡಿ ನೃತ್ಯದ ‘ಮಂಡಿಯ’ ಎಂಬ ನಿಲುವೂ ಸೊಂಟದಿಂದ ಕೆಳಗೆ ಹೆಚ್ಚುಕಡಿಮೆ ಒಂದೇ: ಮಂಡಿ ಹೊರಕ್ಕೆ ಬಾಗಿದೆ, ಮೈ ಅರ್ಧ ಕುಳಿತಿದೆ, ಭಾರ ನೆಲಕ್ಕಿಳಿದಿದೆ. ಸೊಂಟದಿಂದ ಮೇಲಕ್ಕೆ ನೋಡಿ. ಒಡಿಸ್ಸಿಯವಳ ಎದೆಗೂಡು ತಾಳದೊಂದಿಗೆ ಪಕ್ಕಕ್ಕೆ ಸರಿಯುತ್ತದೆ, ಕತ್ತು ಇನ್ನೊಂದು ಕಡೆಗೆ ಬಳುಕುತ್ತದೆ. ಕ್ಯಾಂಡಿಯವಳ ಬೆನ್ನು ನೆಟ್ಟಗೆ, ತೋಳುಗಳು ಭುಜದ ಮಟ್ಟಕ್ಕೆ ಹರಡಿಕೊಂಡು, ಒಂದು ನೆಗೆತಕ್ಕೆ ಕಾದಿರುವಂತೆ. ಒಡಿಸ್ಸಿಯ ಮರ್ದಳದ ಪಕ್ಕದಲ್ಲೇ ಕ್ಯಾಂಡಿಯ ‘ಗೆಟ ಬೆರ’ ಎಂಬ ಡೋಲು ನುಡಿಯುತ್ತದೆ. ಯಾರೂ ಇನ್ನೊಬ್ಬರ ನೃತ್ಯವನ್ನು ಅರೆಬರೆ ಕಲಿತು ತೋರಿಸುವುದಿಲ್ಲ. ಇಬ್ಬರೂ ತಮ್ಮ ತಮ್ಮ ವ್ಯಾಕರಣದಲ್ಲಿ ನಿಂತೇ ಒಂದೇ ತಾಳದ ಆವರ್ತವನ್ನು ಹಂಚಿಕೊಳ್ಳುತ್ತಾರೆ. ಇಂಥದ್ದು ಹದಿನೈದು ದಿನದ ಗುತ್ತಿಗೆಯಲ್ಲಿ ಆಗುವ ಕೆಲಸವಲ್ಲ. ಎರಡು ಗುರುಮನೆಗಳು ತಮ್ಮ ತಮ್ಮ ಬಿಡುವು ನೋಡಿಕೊಂಡು, ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಉಂಡು, ಅಭ್ಯಾಸ ಮಾಡಿ ಆದದ್ದು. ‘ಆಹುತಿ’ ಎಂಬ ಎರಡನೆಯ ಪ್ರಯೋಗ ಅದೇ ಸ್ನೇಹದ ಮುಂದುವರಿಕೆ. ಲಿಯರ್‌ಗಿಂತ ಸಂಹಾರ ನನಗೆ ಹೆಚ್ಚು ಹಿಡಿಸಲು ಕಾರಣ ಇದೇ. ಎರಡು ಪರಂಪರೆಗಳು ಕೂಡುವುದಕ್ಕೂ ಹನ್ನೆರಡು ಪರಂಪರೆಗಳು ಕೂಡುವುದಕ್ಕೂ ವ್ಯತ್ಯಾಸವಿದೆ, ಬರಿಯ ಸಂಖ್ಯೆಯದಲ್ಲ.

ಇನ್ನು ಕ್ಯುರೇಟರ್ ಎಂಬ ‘ದಲ್ಲಾಳಿ’ಯ ವಿಷಯ. ಆಟ ಆಡಿಸುವವರು, ಪ್ರಸಂಗ ಆರಿಸುವವರು, ಯಾವ ವೇಷಕ್ಕೆ ಯಾರೆಂದು ಗೊತ್ತುಮಾಡುವ ಭಾಗವತರು ಮತ್ತು ಯಜಮಾನರು ನಮ್ಮಲ್ಲಿ ಇಲ್ಲವೆ? ಕ್ಯುರೇಟರ್ ಮಾಡುವುದು ಇದರಲ್ಲಿ ಬಹುಪಾಲು. ಹೊಸದಾಗಿ ಸೇರಿರುವುದು, ಇಬ್ಬರು ಭೇಟಿಯಾದರೆ ಏನಾದರೂ ಹುಟ್ಟೀತು ಎಂಬ ಊಹೆಯ ಮೇಲೆ ಹಣ ಹೂಡುವ ಧೈರ್ಯ. ಸಿಂಗಪುರದ ಕ್ಯುರೇಟರ್ ತಾಂಗ್ ಫು ಕುವೆನ್ 2004ರಲ್ಲಿ ಫ್ರಾನ್ಸಿನ ನೃತ್ಯಸಂಯೋಜಕ ಜೆರೋಮ್ ಬೆಲ್ ಅವರನ್ನು ಬ್ಯಾಂಕಾಕಿಗೆ ಕರೆಸಿ, ಖೋನ್ ಮುಖವಾಡದ ನೃತ್ಯದಲ್ಲಿ ಪಳಗಿದ ಪಿಚೆತ್ ಕ್ಲುಂಚುನ್ ಅವರ ಎದುರು ಕೂರಿಸಿದರು. ಫಲವಾಗಿ ಹುಟ್ಟಿದ ಪ್ರಯೋಗದಲ್ಲಿ ಇರುವುದು ಎದುರುಬದುರು ಇಬ್ಬರು, ಅವರ ಪ್ರಶ್ನೋತ್ತರ, ನಡುನಡುವೆ ಎದ್ದು ತೋರಿಸುವ ನೃತ್ಯ. ನಮ್ಮ ರಾಮಾಯಣದ ಥಾಯ್ ರೂಪವನ್ನು ಆಡುವ ಖೋನ್‌ನಲ್ಲಿ ಸಾವನ್ನು ರಂಗದ ಮೇಲೆ ಹೇಗೆ ತೋರಿಸುತ್ತಾರೆ, ಏನನ್ನು ತೋರಿಸುವುದಿಲ್ಲ ಎಂಬ ಮಾತುಕತೆಯೇ ಅಲ್ಲಿ ನಾಟಕ. ಆ ಕ್ಯುರೇಟರ್ ಒಂದು ಹೆಜ್ಜೆಯನ್ನೂ ಕುಣಿಯಲಿಲ್ಲ ನಿಜ. ಕರೆಯದಿದ್ದರೆ ಪ್ರಯೋಗವೇ ಇರುತ್ತಿರಲಿಲ್ಲ ಎಂಬುದೂ ನಿಜ.

ಹಾಗೆಂದು ಆಯ್ಕೆಯ ಅಧಿಕಾರವೆಲ್ಲ ಒಬ್ಬರ ಕೈಯಲ್ಲಿದ್ದರೆ ನಿಮ್ಮ ಅನುಮಾನ ಸಕಾರಣವೇ ಆಗುತ್ತದೆ. ಏಷ್ಯಾದಲ್ಲಿ ಆ ಅಧಿಕಾರವನ್ನು ಹಂಚುವ ಪ್ರಯತ್ನಗಳು ಈ ಹತ್ತು–ಹನ್ನೆರಡು ವರ್ಷಗಳಲ್ಲಿ ಕಾಣಿಸಿಕೊಂಡಿವೆ. ಕೊರಿಯಾ, ಜಪಾನ್, ತೈವಾನ್, ಆಸ್ಟ್ರೇಲಿಯಗಳ ರಂಗವ್ಯವಸ್ಥಾಪಕರು 2014ರಲ್ಲಿ ಸೋಲ್‌ನಲ್ಲಿ ಶಿಬಿರ ಹೂಡಿ, ಮುಂದೆ ವರ್ಷಕ್ಕೊಂದು ದೇಶದಲ್ಲಿ ಸೇರುತ್ತ ‘ಏಷ್ಯನ್ ಪ್ರೊಡ್ಯೂಸರ್ಸ್ ಪ್ಲಾಟ್‌ಫಾರ್ಮ್’ ಕಟ್ಟಿದರು. ಉತ್ಸವಗಳ ಬಾಗಿಲಲ್ಲಿ ಒಬ್ಬೊಬ್ಬರೇ ಕಾಯುವ ಬದಲು ಒಬ್ಬರ ಊರಿನ ರಂಗಭೂಮಿಯನ್ನು ಇನ್ನೊಬ್ಬರು ಕಂಡು ಅರಿಯುವುದು ಅದರ ಉದ್ದೇಶ. ತೈಪೆಯ ಪ್ರದರ್ಶನ ಕಲಾಕೇಂದ್ರ, ತನ್ನ ಹೊಸ ಕಟ್ಟಡ 2022ರಲ್ಲಿ ತೆರೆಯುವುದಕ್ಕೂ ಮೊದಲೇ, 2017ರಲ್ಲಿ ರಿವರ್ ಲಿನ್ ಅವರ ಮೇಲ್ವಿಚಾರಣೆಯಲ್ಲಿ ‘ಆ್ಯಡಮ್’ ಎಂಬ ವಾರ್ಷಿಕ ಕೂಟವನ್ನು ಆರಂಭಿಸಿತು. ಅಲ್ಲಿ ಕಲಾವಿದರು ಕೆಲವು ವಾರ ಒಟ್ಟಿಗಿದ್ದು, ಅರೆಬೆಂದ ಕೆಲಸವನ್ನೇ ಜನರ ಮುಂದೆ ಇಡುತ್ತಾರೆ. ಯಾವ ವಿಷಯವನ್ನು ಹಿಡಿಯಬೇಕು, ಯಾರು ಯಾರೊಡನೆ ಕೂಡಬೇಕು ಎಂಬುದನ್ನು ಕಲಾವಿದರೇ ನಿಶ್ಚಯಿಸಲು ಎಡೆಯಿದೆ.

ಇಂಡೊನೇಷ್ಯಾದ ಯೋಗ್ಯಕರ್ತ ನಗರದ ‘ತೇಯಾತೆರ್ ಗರಾಸಿ’ ತಂಡದ ನಡೆ ಇನ್ನೂ ಸ್ವಾರಸ್ಯದ್ದು. ಜಾವಾ ದ್ವೀಪದವರು ದೇಶಕ್ಕೆಲ್ಲ ತಾವೇ ಕೇಂದ್ರ ಎಂದುಕೊಳ್ಳುವ ಚಾಳಿಯಿಂದ ಬಿಡಿಸಿಕೊಳ್ಳಲೆಂದೇ ಅವರು ಪೂರ್ವದ ಫ್ಲೋರೆಸ್ ದ್ವೀಪಕ್ಕೆ ಹೋಗಿ ಅಲ್ಲಿನವರೊಡನೆ ಕೆಲಸ ಮಾಡಿದರು. ಯೂದಿ ಅಹ್ಮದ್ ತಾಜುದ್ದೀನ್ ನೇತೃತ್ವದಲ್ಲಿ ಇಬ್ಸನ್ನನ ‘ಪೇರ್ ಗಿಂಟ್’ ಆಧರಿಸಿ, ಇಂಡೊನೇಷ್ಯಾ ಮತ್ತು ಏಷ್ಯಾದ ಇತರ ದೇಶಗಳ ಕಲಾವಿದರೊಡನೆ ಕಟ್ಟಿದ ಪ್ರಯೋಗ 2019ರಲ್ಲಿ ಫ್ಲೋರೆಸ್‌ನ ಲಾರಂತುಕ ಎಂಬ ಸಣ್ಣ ಬಂದರು ಪಟ್ಟಣದಲ್ಲಿ ಮೊದಲು ನಡೆದು, ಆಮೇಲೆ ಬೇರೊಂದು ರೂಪದಲ್ಲಿ ಜಪಾನಿನ ಶಿಝುಓಕಕ್ಕೆ ಹೋಯಿತು. ಮೊದಲ ಪ್ರೇಕ್ಷಕರು ರಾಜಧಾನಿಯವರಲ್ಲ, ಉತ್ಸವದ ಅತಿಥಿಗಳೂ ಅಲ್ಲ. ಯಾರ ಮುಂದೆ ಮೊದಲು ಆಡಬೇಕು ಎಂಬುದೂ ಒಂದು ತೀರ್ಮಾನವೇ ಎಂದು ಆ ತಂಡಕ್ಕೆ ಗೊತ್ತಿತ್ತು.

ಹಣದ ಪ್ರಶ್ನೆಗೆ ನೇರ ಉತ್ತರ: ಬಹುಪಾಲು ಸರ್ಕಾರಗಳದ್ದು, ಮತ್ತು ಸರ್ಕಾರಗಳು ಪುಕ್ಕಟೆ ಕೊಡುವುದಿಲ್ಲ. ಜಪಾನ್ ಫೌಂಡೇಷನ್ 2014ರಲ್ಲಿ ಮತ್ತೆ ತೆರೆದ ಏಷ್ಯಾ ಕೇಂದ್ರದ ಕಣ್ಣು ಆಗ್ನೇಯ ಏಷ್ಯಾದ ರಾಷ್ಟ್ರಗಳ ಮೇಲಿತ್ತು, ಟೋಕಿಯೋ ಒಲಿಂಪಿಕ್ಸಿನ 2020 ಅದರ ಗಡುವಾಗಿತ್ತು. ಆದ್ದರಿಂದ ಆ ಕಾಲದಲ್ಲಿ ಹರಿದ ಹಣದ ಹೊಳೆ ಭಾರತದ ಪಕ್ಕದಲ್ಲೇ ಹಾದುಹೋಯಿತು. ತೈವಾನ್ ದಕ್ಷಿಣದ ದೇಶಗಳತ್ತ ಮುಖ ಮಾಡಿದ ಹೊಸ ನೀತಿಯನ್ನು 2016ರಲ್ಲಿ ಸಾರಿತು. ತೈಪೆಯ ಕೂಟ ಆರಂಭವಾದದ್ದು ಮರುವರ್ಷ. ಕೊರಿಯಾದ ಗ್ವಾಂಗ್‌ಜು ನಗರದಲ್ಲಿ, 1980ರ ಮೇ ತಿಂಗಳ ಜನದಂಗೆಯ ಕೊನೆಯ ಹೋರಾಟ ನಡೆದ ಪ್ರಾಂತ ಕಚೇರಿಯ ಸುತ್ತಲೇ ಏಷ್ಯಾ ಸಂಸ್ಕೃತಿ ಕೇಂದ್ರವನ್ನು ಕಟ್ಟಿ, 2015ರಲ್ಲಿ ಅದರ ರಂಗಮಂದಿರವನ್ನು ಏಷ್ಯಾದ ಹೊಸ ಪ್ರಯೋಗಗಳ ಉತ್ಸವದಿಂದ ತೆರೆದರು. ಮಲೇಷ್ಯಾದ ಫೈವ್ ಆರ್ಟ್ಸ್ ಸೆಂಟರ್‌ನ ಮಾರ್ಕ್ ತೆಹ್, 1955ರಲ್ಲಿ ಬಾಲಿಂಗ್ ಪಟ್ಟಣದಲ್ಲಿ ಕಮ್ಯುನಿಸ್ಟ್ ನಾಯಕ ಚಿನ್ ಪೆಂಗ್ ಮತ್ತು ಆಗಿನ ಮುಖ್ಯಮಂತ್ರಿ ತುಂಕು ಅಬ್ದುಲ್ ರಹಮಾನರ ನಡುವೆ ನಡೆದು ಮುರಿದುಬಿದ್ದ ಮಾತುಕತೆಯ ದಾಖಲೆಯನ್ನೇ ಓದಿ ಆಡುವ ‘ಬಾಲಿಂಗ್’ ಪ್ರಯೋಗಕ್ಕೆ ಅಂಥ ವೇದಿಕೆ ಸಿಕ್ಕಿತು. ಸರ್ಕಾರದ ಹಣದಲ್ಲಿ ಸರ್ಕಾರಗಳಿಗೆ ಇರುಸುಮುರುಸಾಗುವ ವಿಷಯವನ್ನೂ ಆಡಬಹುದು ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಸರ್ಕಾರದ ಒಲವು ಬದಲಾದರೆ ಬುಡವೇ ಅಲುಗುತ್ತದೆ. ಸಂಹಾರದಂತೆ ಎರಡು ತಂಡಗಳ ಸ್ನೇಹದ ಮೇಲೆ ನಿಂತ ಕೆಲಸ ಅಷ್ಟು ಬೇಗ ಅಲುಗುವುದಿಲ್ಲ, ಅಷ್ಟು ದೊಡ್ಡದಾಗಿಯೂ ಬೆಳೆಯುವುದಿಲ್ಲ.

ಈ ವಿಷಯದಲ್ಲಿ ನನಗೆ ಹೆಚ್ಚು ಚುಚ್ಚುವ ಸಂಗತಿ ಬೇರೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾಗಳ ಐವರು ನಿರ್ದೇಶಕರು ಬಾಬರನ ಆತ್ಮಕಥೆಯನ್ನು ಹಿಡಿದು ಒಂದು ನಾಟಕವನ್ನು ಒಟ್ಟಾಗಿ ಕಟ್ಟಿದ್ದುಂಟು. ನಮ್ಮ ಕಡೆಯಿಂದ ಅಭಿಲಾಷ್ ಪಿಳ್ಳೈ ಅದರಲ್ಲಿದ್ದರು. ಅದು ರಂಗಕ್ಕೆ ಬಂದದ್ದು 2004ರಲ್ಲಿ, ಟೋಕಿಯೋದಲ್ಲಿ, ಜಪಾನ್ ಫೌಂಡೇಷನ್ನಿನ ಹಣದಿಂದ. ನೆರೆಹೊರೆಯವರು ಕೂತು ಮಾತಾಡಲು ಅಷ್ಟು ದೂರ ಹೋಗಬೇಕಾಯಿತು. ಬೆಂಗಳೂರಿನ ಆಟ್ಟಕ್ಕಳರಿಯವರು 2000ದಿಂದ ನಡೆಸಿಕೊಂಡು ಬಂದ ನೃತ್ಯೋತ್ಸವದಂಥ ಬಿಡಿ ಪ್ರಯತ್ನಗಳನ್ನು ಬಿಟ್ಟರೆ ನಮ್ಮ ದೇಶದ ಅಕಾಡೆಮಿಗಳಿಗೆ ಕಲಾವಿದರನ್ನು ಹೊರದೇಶಕ್ಕೆ ‘ಕಳಿಸುವುದು’ ಗೊತ್ತಿದೆಯೇ ಹೊರತು, ಇಲ್ಲಿಗೆ ಕರೆಸಿ ತಿಂಗಳುಗಟ್ಟಲೆ ಇರಿಸಿಕೊಳ್ಳುವ ಅಭ್ಯಾಸವಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ತಿರುಗಾಟದ ಕಲಾವಿದರದು. ದೊಡ್ಡ ಆಸೆ ಹುಟ್ಟಿಸಲು ನನಗಿಷ್ಟವಿಲ್ಲ. ಆದರೂ ಒಂದು ಅನುಕೂಲವನ್ನು ಗಮನಿಸಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮತ್ತೆ ತಿರುಗಾಟ ಹೊರಡುವವರೆಗೆ ಮೇಳದವರಿಗೆ ಮಳೆಗಾಲದ ಬಿಡುವಿದೆ, ತೈಪೆಯಂಥ ಕೂಟಗಳು ನಡೆಯುವುದು ಆಗಸ್ಟ್ ಹೊತ್ತಿಗೆ. ಕರೆ ಬಂದರೆ ಹೋಗಬೇಕೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ವೇಷಧಾರಿಯನ್ನು ಮಾತ್ರ ಕರೆದು ಹಿಮ್ಮೇಳವನ್ನು ಬಿಟ್ಟರೆ ಹೋಗಬೇಡಿ, ಭಾಗವತರನ್ನೇ ಮೊದಲನೆಯ ವೇಷವೆನ್ನುವ ಕಲೆಯಿಂದ ಅವರನ್ನು ಕಳೆದರೆ ಉಳಿಯುವುದು ಕಿರೀಟ ಮತ್ತು ಬಣ್ಣ, ತಾಲೀಮಿನ ದಿನಗಳಿಗೂ ಪ್ರದರ್ಶನದ ದಿನದಷ್ಟೇ ಸಂಭಾವನೆ ಕೇಳಿ, ಚಿತ್ರೀಕರಣದ ಹಕ್ಕು ಯಾರದೆಂಬುದನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ, ವೇಷದ ವೈಭವದ ಪ್ರವೇಶವಾದ ಒಡ್ಡೋಲಗವನ್ನು ಐದು ನಿಮಿಷಕ್ಕೆ ಕತ್ತರಿಸಿ ತೋರಿಸೆಂದರೆ ಆಗದೆನ್ನುವ ಸ್ವಾತಂತ್ರ್ಯ ಇಟ್ಟುಕೊಳ್ಳಿ. ಇಂಥ ಷರತ್ತುಗಳನ್ನು ಕೇಳಿಸಿಕೊಳ್ಳುವ ಕೂಟಗಳು ಈಗ ಏಷ್ಯಾದಲ್ಲಿ ಇವೆ. ಇಪ್ಪತ್ತೈದು ವರ್ಷಗಳ ಹಿಂದೆ ಇದ್ದದ್ದಕ್ಕಿಂತ ಹೆಚ್ಚು ಇವೆ. ತೊಡಕು ಇರುವುದು ಅರ್ಜಿಯಲ್ಲಿ. ಅದನ್ನು ಇಂಗ್ಲಿಷಿನಲ್ಲಿ, ಗಡುವಿನೊಳಗೆ, ಬಜೆಟ್ಟಿನ ಪಟ್ಟಿ ಮತ್ತು ವಿಡಿಯೋ ಸಮೇತ ಕಳಿಸಬೇಕು. ರಾತ್ರಿಯಿಡೀ ಕುಣಿದು ಹಗಲು ಮಲಗುವ ಕಲಾವಿದ ಅದನ್ನು ಬರೆಯಲಾರ. ಸೋಲ್‌ನಲ್ಲಿ ಸೇರಿದವರಂಥ ವ್ಯವಸ್ಥಾಪಕರು ನಮ್ಮ ಮೇಳಗಳಿಗೂ ಬೇಕಾಗಿದ್ದಾರೆ, ಮತ್ತು ಅವರಿಗೂ ಯಾರಾದರೂ ಸಂಬಳ ಕೊಡಬೇಕಾಗುತ್ತದೆ.

– ಸಂಪಾದಕ